ಬೆನ್ನು ಸೀಳಿದ ಕೋಟು

ಪ್ರೀತಿಯ ನಡೀನ್ ಅಕ್ಕಾ,

ಓಹಾಯೋದಿಂದ ಹಾರಿ ಕುವೈತಿನ ಸೇನಾ ಶಿಬಿರ ತಲುಪಿದೆವು. ನಲವತ್ತೆಂಟನೇ ವಯಸ್ಸಿಗೆ ನನ್ನ ಮೊದಲ ಯುದ್ಧಸೇವೆ ಫೋಟೋ ತೆಗೆಸಿಕೊಳ್ಳುವುದರಿಂದ ಶುರುವಾಯಿತು. ನಾವು ಸತ್ತರೆ ಪತ್ರಿಕೆಗಳಿಗೆ ಕೊಡಲು ಬೇಕಂತೆ. ನಾವು ನಲವತ್ತು ನರ್ಸುಗಳಿಗೆ ಇದ್ದದ್ದು ಒಂದೇ ಸಮವಸ್ತ್ರದ ಕೋಟು. ಎಲ್ಲರ ಮೈಗೂ ಹೊಂದಲೆಂದು ಅದರ ಬೆನ್ನನ್ನು ಮೇಲಿಂದ ಕೆಳಗೆ ಸೀಳಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರು. ಹೆಣಕ್ಕೆ ಕೋಟು ತೊಡಿಸುವುದೂ ಹೀಗೆಯೇ ಎಂದು ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದ ನನಗೆ ಯಾರೂ ಹೇಳಬೇಕಿರಲಿಲ್ಲ. ನಗು ತಡೆಯಲಾಗಲಿಲ್ಲ.

“ನಗ್ಬೇಡಿ ಮೇಡಂ, ಮುಖ ಗಂಭೀರವಾಗಿರ್ಲಿ,” ಎಂದ ಕ್ಯಾಮೆರಾ ಹಿಡಿದ ಸಾರ್ಜೆಂಟ್.

“ಸತ್ತ ಮೇಲೆ ಹೇಗೂ ಗಂಭೀರವಾಗೇ ಇರ್ತೀನಲ್ಲಪ್ಪಾ, ಈಗಿಂದ್ಲೇ ಯಾಕೆ?”

“ನಿಮ್ ಹಿಂದೆ ಇನ್ನೂ ಮೂವತ್ತು ಜನ ಸಾಲಲ್ಲಿ ನಿಂತಿದಾರೆ ಮೇಡಂ, ಬೇಗ ಮುಗ್ಸಿ.”

ಮಂಡಿ ಊದಿದೆ, ಮಾತ್ರೆ ಮಾರ್ಚ್‌ವರೆಗೆ ಸಾಕು. ಅಮ್ಮನಿಗೆ ಚೆನ್ನಾಗಿದ್ದೇನೆ ಎನ್ನು. ಫೋಟೋದ ಒಂದು ಪ್ರತಿ ಮನೆಗೂ ಬರುತ್ತದಂತೆ. ಅವಳ ಕಣ್ಣಿಗೆ ಬೀಳದ ಹಾಗೆ ನೋಡಿಕೊ. ಕ್ಯಾಮೆರಾದಲ್ಲಿ ನೋಡಿದೆ, ಕೊನೆಗೆ ನಗು ನುಂಗಿ ನಿಂತದ್ದಕ್ಕೆ ಅದರಲ್ಲಿ ನಾನು ಎಲ್ಲದಕ್ಕೂ ಆಗಲೇ ಒಪ್ಪಿಕೊಂಡವಳ ಹಾಗೆ ಕಾಣುತ್ತೇನೆ.

ಬಸ್ಸಿಗೆ ಕರೆಯುತ್ತಿದ್ದಾರೆ.
ವರ್ನಾ