ಇನ್ಸ್‌ಪೆಕ್ಟರ್ ಊಟ ಬಿಟ್ಟ ಮೇಲೆ

ಹೊಲಿಗೆ ಕೋಣೆಯ ಅತ್ತೆಗೆ,

ನೀನು ಸತ್ತು ಒಂಬತ್ತು ವಾರವಾಯಿತು. "ತೀರಿಕೊಂಡೆ ಅಂತ ಬರಿ" ಎಂದು ಅಮ್ಮ ತಿದ್ದುತ್ತಿದ್ದಳೋ ಏನೋ, ಆದರೆ ಈ ಕಾಗದದ ವಿಷಯ ಅವಳಿಗೆ ಗೊತ್ತಿಲ್ಲ. ಸತ್ತವರಿಗೆ ಕಾಗದ ಬರೆಯುವುದು ಹುಚ್ಚು ಎಂದು ನಾನೇ ಮೊದಲು ಒಪ್ಪಿಕೊಳ್ಳುತ್ತೇನೆ. ದುಃಖ ತಡೆಯಲಾರದೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನಿಂದ ಒಂದು ಕೆಲಸವಾಗಬೇಕಿದೆ. ಅದನ್ನು ಕೇಳುವ ಮೊದಲು ನಿನ್ನ ಕೋಳಿಗೆ ಏನಾಯಿತು ಎಂದು ಹೇಳಬೇಕು.

ನೀನು ಹೋದ ನಾಲ್ಕನೇ ವಾರ ಇನ್ಸ್‌ಪೆಕ್ಟರ್ ತಿರುಗಾಟ ನಿಲ್ಲಿಸಿತು. ಮನೆಯ ಮೂಲೆ ಮೂಲೆ ತಪಾಸಣೆ ಮಾಡಿ, ಅಮ್ಮನ ಡಬ್ಬಿಗಳಿಗೂ ಕೊಕ್ಕು ಹಾಕಿ ಬೈಸಿಕೊಳ್ಳುತ್ತಿದ್ದ ಕೋಳಿ, ನಿನ್ನ ಮೆಷಿನ್ನಿನ ಕೆಳಗೆ ಬಟ್ಟೆ ಚೂರುಗಳ ಬುಟ್ಟಿಯಲ್ಲಿ ಕಣ್ಣು ಅರ್ಧ ಮುಚ್ಚಿ ಕೂತುಬಿಟ್ಟಿತು. ಎತ್ತಿಕೊಂಡರೆ ಕತ್ತಿನ ಬುಡದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಟ್ಟಿ ಗಂಟು. ತಿಂದದ್ದು ಮೊದಲು ಸೇರುವ ಚೀಲ ಅದು, ಬೆಳಿಗ್ಗೆ ಹೊತ್ತಿಗೆ ಖಾಲಿಯಾಗಬೇಕು, ಆಗಿರಲಿಲ್ಲ. ಇದನ್ನೆಲ್ಲ ನೀನೇ ಹೇಳಿಕೊಟ್ಟದ್ದು. ನಾನು ಶಾಲೆ ಬಿಟ್ಟಾಗ ಅಮ್ಮ ನೆಂಟರಿಗೆಲ್ಲ ಕಣ್ಣಿನ ತೊಂದರೆ ಎಂದು ಹೇಳುತ್ತಿದ್ದಳು. ನಾನು ಅಲ್ಲೇ ನಿಂತು, ಕಣ್ಣು ಚೆನ್ನಾಗಿದೆ, ನನಗೆ ಕೂರಕ್ಕಾಗಲ್ಲ ಅಷ್ಟೆ ಎನ್ನುತ್ತಿದ್ದೆ. ಆಗ ನೀನೊಬ್ಬಳೇ ನಕ್ಕು, ಕೂರಲಾರದವಳು ಮೆಷಿನ್ನಿಗೆ ಲಾಯಕ್ಕಿಲ್ಲ, ಕೋಳಿ ಹಿಂದೆ ಓಡಾಡಲಿ ಎಂದು ಅದನ್ನು ನನ್ನ ಸುಪರ್ದಿಗೆ ಕೊಟ್ಟಿದ್ದೆ.

ದನದ ಡಾಕ್ಟರ ಹತ್ತಿರ ಒಯ್ದೆ. ಬುಟ್ಟಿಯಲ್ಲಿ ಕೋಳಿ ನೋಡಿ ಅವರಿಗೆ ನಗು. ಸಾಂಬಾರಿಗೆ ಹಾಕೋದು ಬಿಟ್ಟು ಇಲ್ಲಿಗ್ಯಾಕೆ ತಂದೆ ಎಂದು ಕೀಟಲೆ ಮಾಡುತ್ತಲೇ ಬಾಯಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಗಂಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ನೀವಿದರು. ಕೊಕ್ಕಿನ ಸಂದಿಯಲ್ಲಿ ಒಂದು ದಾರದ ತುದಿ ಕಾಣಿಸಿತು. ಇಕ್ಕಳದಿಂದ ಹಿಡಿದು ಎಳೆದರು. ಹಸಿರು ದಾರ. ಎಳೆದಷ್ಟೂ ಬರುತ್ತಿತ್ತು, ಒಂದು ಮೊಳ, ಎರಡು ಮೊಳ, ಒದ್ದೆಯಾಗಿ, ಎಲ್ಲೂ ತುಂಡಾಗದೆ. ಕೋಳಿ ಒದ್ದಾಡಲಿಲ್ಲ. ಯಾರೋ ಅಳತೆ ತೆಗೆಯುತ್ತಿರುವಾಗ ನಿಲ್ಲುವ ಹಾಗೆ ಕತ್ತು ನೆಟ್ಟಗೆ ಮಾಡಿ ನಿಂತಿತ್ತು. ಡಾಕ್ಟರು ನಗುವುದನ್ನು ನಿಲ್ಲಿಸಿದ್ದರು.

ಆ ಹಸಿರು ನನಗೆ ಗೊತ್ತು. ಆಸ್ಪತ್ರೆಯವರಿಗೆ ನೀನು ಹೊಲಿಯುತ್ತಿದ್ದ ಗೌನಿನದು. ನಿನ್ನನ್ನು ಕೊನೆಗೆ ಮಲಗಿಸಿದ್ದೂ ಅಂಥದೇ ಗೌನಿನಲ್ಲಿ. ಎಲ್ಲರೂ ಅಳುತ್ತಿದ್ದಾಗ ನಾನು ಅದರ ಅಂಚು ಮಗುಚಿ ನೋಡಿದ್ದೆ, ನಿನ್ನದೇ ಹೊಲಿಗೆ. ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

"ಈಗ ಇದಕ್ಕೆ ಏನೂ ಆಗಿಲ್ಲ, ತಿನ್ನಬೇಕು ಅಷ್ಟೆ," ಎಂದರು ಡಾಕ್ಟರು. "ಇನ್ನು ಮೂರ್ನಾಲ್ಕು ದಿನ ತಿನ್ನದೇ ಹೋದ್ರೆ ಮತ್ತೆ ಹೊತ್ಕೊಂಡು ಬರಬೇಡಮ್ಮ."

ತಿನ್ನಲಿಲ್ಲ. ನುಚ್ಚಕ್ಕಿ ಬೇಯಿಸಿ ಮೆತ್ತಗೆ ಮಾಡಿಕೊಟ್ಟೆ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆ, ಇಂಕ್ ಫಿಲ್ಲರಿನಿಂದ ಗಂಟೆಗೊಮ್ಮೆ ನೀರು ಬಿಟ್ಟೆ. ಮೂರನೇ ದಿನ ಎತ್ತಿಕೊಂಡಾಗ ಎದೆಮೂಳೆ ಕತ್ತಿಯ ಅಲಗಿನ ಹಾಗೆ ಅಂಗೈಗೆ ಒತ್ತಿತು. ಆಗ ಹೊಳೆಯಿತು. ಮಧ್ಯಾಹ್ನ ಮೂರು ಗಂಟೆಗೆ ನೀನು ಕತ್ತರಿಯಿಂದ ಮೆಷಿನ್ನಿನ ಹಲಗೆಗೆ ಎರಡು ಸಲ ಬಡಿದು, "ಬಾ ಬಾ, ಆರಿಹೋಗತ್ತೆ" ಎಂದು ಕರೆಯುವ ತನಕ ಅದು ಯಾವತ್ತೂ ತಟ್ಟೆಗೆ ಬಾಯಿ ಹಾಕಿದ್ದಿಲ್ಲ. ನೀನು ಹೋದ ಮೇಲೆ ಮೂಲೆಗಳಲ್ಲಿ ಹೆಕ್ಕಿದ್ದರಲ್ಲೇ ದಿನ ದೂಡಿತ್ತು. ಒಮ್ಮೆಯೂ ಬಿಸಿಯಾಗಿ ಹಾಕದೆ ಆರಿಹೋಗತ್ತೆ ಎಂದು ಅದಕ್ಕೆ ಸುಳ್ಳು ಹೇಳುತ್ತೀಯಲ್ಲ ಎಂದು ನಾನು ಜಗಳ ತೆಗೆದದ್ದು ನೆನಪಿದೆಯೇ? ಗಿರಾಕಿಗಳಿಗೆ ಹೇಳುವ "ನಾಳೆ ಬಾ"ಗಿಂತ ಇದು ಸಣ್ಣ ಸುಳ್ಳು ಕಣೇ ಎಂದಿದ್ದೆ ನೀನು.

ನನ್ನ ಮಾತು ಸುಳ್ಳಾಗದಿರಲಿ ಎಂದು ನುಚ್ಚು ಬಿಸಿಯಾಗಿಯೇ ಇಟ್ಟುಕೊಂಡು, ಕತ್ತರಿ ಬಡಿದು ಕರೆದೆ. ಕೋಳಿ ಕಣ್ಣು ತೆರೆಯಲಿಲ್ಲ. ದಪ್ಪ ದನಿ, ಸಣ್ಣ ದನಿ, ಯಾವುದಕ್ಕೂ ಜಗ್ಗಲಿಲ್ಲ. ಸುಸ್ತಾಗಿ ನಿನ್ನ ಸ್ಟೂಲಿನ ಮೇಲೆ ಕೂತಾಗ ಗುಂಡುಪಿನ್ನಿನ ಡಬ್ಬಿ ಕೈಗೆ ತಾಕಿತು. ನೀನು ದಿನವಿಡೀ ತುಟಿಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದೆಯಲ್ಲ. ಎರಡು ಪಿನ್ನು ಕಚ್ಚಿಕೊಂಡು, ಬಾಯಿಯ ಒಂದು ಮೂಲೆಯಿಂದ ಕರೆದೆ.

ಅತ್ತೆ, ನಿನ್ನ ದನಿ ಬಂತು. ಹಾಗೇ ಇತ್ತು ಎಂದಲ್ಲ, ಅದೇ. ನನ್ನ ಕತ್ತಿನ ಕೂದಲೆಲ್ಲ ನಿಂತಿತು. ಇನ್ಸ್‌ಪೆಕ್ಟರ್ ಎದ್ದು, ತೂರಾಡುತ್ತ ಬಂದು, ನನ್ನ ಅಂಗೈಯ ನುಚ್ಚು ತಿಂದಿತು. ಅದೇ ಹೊತ್ತಿಗೆ ಒಳಕೋಣೆಯಿಂದ ಅಪ್ಪ "ಬಂದೆ ಅಕ್ಕ" ಎಂದರು.

ಅಪ್ಪ ಟೀ ಲೋಟ ಹಿಡಿದು ಬಾಗಿಲಿಗೆ ಬಂದು ನಿಂತರು. ಸ್ಟೂಲಿನ ಮೇಲೆ ನನ್ನನ್ನು ಕಂಡ ಮೇಲೂ ಅವರ ಮುಖ ಬದಲಾಗಲಿಲ್ಲ, ಅದಕ್ಕೇ ನನಗೆ ಭಯವಾಯಿತು. ನಿಮ್ಮಮ್ಮ ಹೋದ ಮೇಲೆ ನಾಲ್ಕು ವರ್ಷದ ಈ ತಮ್ಮನನ್ನೂ ಬೀದಿಯಿಂದ ಊಟಕ್ಕೆ ನೀನು ಕರೆಯುತ್ತಿದ್ದುದು ಇದೇ ಮಾತಿನಲ್ಲಂತೆ. ಅದು ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಮಾರನೇ ದಿನದಿಂದ ಅವರು ಮೂರು ಗಂಟೆಗೆ ಮೊದಲೇ ಬಂದು ಹೊಸ್ತಿಲ ಮೇಲೆ ಕೂರತೊಡಗಿದರು. ಬಸ್ ಡಿಪೋಗೆ ರಜೆ ಹಾಕಿದರು. ಕೋಳಿ ತಿಂದು ಮುಗಿಸಿದ ಮೇಲೂ, "ಇನ್ನೊಂದ್ಸಲ ಕರಿ" ಎನ್ನುತ್ತಿದ್ದರು.

"ನಾನು ಕಣಪ್ಪ," ಎಂದೆ ಒಂದು ದಿನ, ಪಿನ್ನು ತೆಗೆದು.

"ಗೊತ್ತು. ಗೊತ್ತಿದ್ದೇ ಕೇಳ್ತಿರೋದು. ಕರಿ."

ಕರೆದೆ. ಹತ್ತು ದಿನ ಕರೆದೆ. ಕೋಳಿಯ ಮೈ ತುಂಬಿಕೊಳ್ಳುತ್ತ ಬಂತು, ಅಪ್ಪನ ಕೆನ್ನೆ ಒಳಗೆ ಹೋಗುತ್ತ ಬಂತು. ಒಮ್ಮೆ ಪಿನ್ನು ಬಾಯಲ್ಲಿದ್ದಾಗ ಕಿಟಕಿಯ ಹೊರಗಿನಿಂದ ಯಾರೋ ಹೆಂಗಸು, ಅಕ್ಕ, ನನ್ನ ಅಂಗಿ ಆಯ್ತಾ ಎಂದು ಕೇಳಿದಳು. "ನಾಳೆ ಬಾ, ಆಗಿರತ್ತೆ" ಎಂದಿತು ನನ್ನ ಬಾಯಿ. ನಾನು ಹೇಳಬೇಕೆಂದು ಹೇಳಿದ್ದಲ್ಲ. ಆಕೆ ಆಯ್ತಕ್ಕ ಎಂದು ಹೊರಟೇಹೋದಳು. ಹುಟ್ಟಿದಾಗಿನಿಂದ ನಾನು ಹೇಳಿದ ಮೊದಲ ಸುಳ್ಳು ಅದು, ಅದೂ ನನ್ನದಲ್ಲ.

ಅವತ್ತು ಸಂಜೆ ಅಮ್ಮ ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು. "ಕೋಳಿ ಉಳಿಯತ್ತೆ ಕಣೇ. ಇವರು ಉಳಿಯಲ್ಲ. ಯಾವುದು ಬೇಕೋ ನೀನೇ ನೋಡ್ಕೋ."

ಪಿನ್ನಿನ ಡಬ್ಬಿಯ ಮುಚ್ಚಳ ಬಿಗಿದು ಕಪಾಟಿನ ಮೇಲಿಟ್ಟೆ. ಬುಟ್ಟಿಯ ಮುಂದೆ ಕೂತು ಇನ್ಸ್‌ಪೆಕ್ಟರ್‌ಗೆ ನನ್ನ ದನಿಯಲ್ಲೇ ಹೇಳಿದೆ, ಅವಳು ಸತ್ತುಹೋಗಿದ್ದಾಳೆ, ಇಷ್ಟು ದಿನ ಕರೆದದ್ದು ನಾನು, ತಿಂದರೆ ನನ್ನ ಕೈಯಿಂದಲೇ ತಿನ್ನಬೇಕು ಎಂದು. ಅಪ್ಪನಿಗೂ ಅದನ್ನೇ ಹೇಳಿದೆ. ಅಪ್ಪ ಹೊಸ್ತಿಲಿನಿಂದ ಎದ್ದು ಹೋದರು. ಕೋಳಿ ಕತ್ತು ಮುದುರಿಕೊಂಡಿತು.

ಎರಡು ದಿನ ಅದು ಒಂದು ಕಾಳು ಮುಟ್ಟಲಿಲ್ಲ. ಫಿಲ್ಲರಿನ ನೀರೂ ಕೊಕ್ಕಿನಿಂದ ಹೊರಗೆ ಹರಿಯಿತು. ಕೊಲ್ಲುತ್ತಿದ್ದೇನೆ ಎಂದು ಗೊತ್ತಿತ್ತು. ಅಪ್ಪನಿಗಾಗಿ ಕೊಲ್ಲುತ್ತಿದ್ದೇನೆ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ, ಆಗಲಿಲ್ಲ. ಕೊಲ್ಲುವುದು ಕೊಲ್ಲುವುದೇ.

ಮೂರನೇ ದಿನ ಮಧ್ಯಾಹ್ನ ಸುಮ್ಮನೆ ನುಚ್ಚಿನ ತಟ್ಟೆ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದೆ. ನನ್ನ ಬಾಯಿ ಮುಚ್ಚಿತ್ತು. ಕತ್ತರಿ ಗೂಟದಲ್ಲಿ ನೇತಾಡುತ್ತಿತ್ತು. ನನ್ನ ಕಿವಿಗೆ ಏನೂ ಬೀಳಲಿಲ್ಲ. ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ, ಏನೂ ಬೀಳಲಿಲ್ಲ. ಆದರೆ ಇನ್ಸ್‌ಪೆಕ್ಟರ್ ಥಟ್ಟನೆ ತಲೆಯೆತ್ತಿ ನೋಡಿತು. ನನ್ನನ್ನಲ್ಲ, ನನ್ನ ಹಿಂದೆ, ಸ್ಟೂಲಿನ ಮೇಲೆ ಯಾರಾದರೂ ಕೂತರೆ ಮುಖ ಬರುವ ಎತ್ತರಕ್ಕೆ. ಎದ್ದು ಬಂದು ತಟ್ಟೆ ಖಾಲಿ ಮಾಡಿತು.

"ಬಂದೆ ಅಕ್ಕ," ಎಂದರು ಒಳಗಿನಿಂದ ಅಪ್ಪ.

ಬಾಗಿಲಿಗೆ ಬಂದವರು ನನ್ನ ಮುಚ್ಚಿದ ಬಾಯಿ ನೋಡಿದರು. ನಾನು ಅವರನ್ನು ನೋಡಿದೆ. ನಾನು ತಿರುಗಿ ಸ್ಟೂಲಿನ ಕಡೆ ನೋಡಲೂ ಇಲ್ಲ. ಧೈರ್ಯವಾಗಲಿಲ್ಲ.

ಈಗ ಕೋಳಿ ಪೂರ್ತಿ ಗುಣವಾಗಿದೆ. ನಿನ್ನೆ ಬುಟ್ಟಿಯಲ್ಲಿ ಮೊಟ್ಟೆ ಇಟ್ಟಿತ್ತು. ಅಮ್ಮನ ಡಬ್ಬಿಗಳ ತಪಾಸಣೆ ಮತ್ತೆ ಶುರುವಾಗಿದೆ. ದಿನಾ ಮೂರು ಗಂಟೆಗೆ ತಲೆಯೆತ್ತಿ, ಸ್ಟೂಲಿನ ಕಡೆ ನೋಡಿ, ಊಟ ಮಾಡುತ್ತದೆ. ಅಪ್ಪ ಡಿಪೋಗೆ ಹೋಗುತ್ತಿದ್ದಾರೆ. ಆದರೆ ಮೊನ್ನೆ ಅವರ ಜೊತೆ ಕೆಲಸ ಮಾಡುವ ಫಿಟ್ಟರು ಮನೆಗೆ ಬಂದು, ನಿಮ್ಮಪ್ಪ ಯಾಕೋ ಒಂಥರಾ ಇದ್ದಾರಮ್ಮ ಎಂದ. ಮಧ್ಯಾಹ್ನ ಮೂರಕ್ಕೆ ಬಸ್ಸಿನ ಅಡಿಯಿಂದ ಎದ್ದು ಬರುತ್ತಾರಂತೆ, ಅರ್ಧ ಬಿಚ್ಚಿದ ಎಂಜಿನನ್ನು ಹಾಗೇ ಬಿಟ್ಟು. ನಲ್ಲಿಗೆ ಹೋಗಿ ಊಟಕ್ಕೆ ಕೂರುವವರ ಹಾಗೆ ಎರಡೂ ಕೈ ಉಜ್ಜಿ ತೊಳೆದುಕೊಳ್ಳುತ್ತಾರಂತೆ. ಆಮೇಲೆ ಗೇಟಿನ ಕಡೆ ನಡೆಯುತ್ತಾರಂತೆ. ಮೊದಲ ದಿನ ನಾಲ್ಕು ಹೆಜ್ಜೆಗೆ ನಿಂತರು. ಮೊನ್ನೆ ಗೇಟು ದಾಟಿ, ಲಾರಿಗಳು ಓಡಾಡುವ ರಸ್ತೆಯ ಅಂಚಿನ ತನಕ ಹೋಗಿದ್ದರಂತೆ. ಇವನು ತೋಳು ಹಿಡಿದು ನಿಲ್ಲಿಸಿ ಎಲ್ಲಿಗೆ ಎಂದು ಕೇಳಿದ್ದಕ್ಕೆ, ಕರೀತಿದಾರೆ, ಆರಿಹೋಗತ್ತೆ ಎಂದರಂತೆ. ಡಿಪೋ ಎಷ್ಟು ದೂರ ಅತ್ತೆ, ಅಲ್ಲಿಗೂ ಕೇಳಿಸುತ್ತದೆಯೇ?

ನನಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ. ನಂಬುತ್ತೇನೆ ಎಂದು ನಿನ್ನನ್ನು ಮೆಚ್ಚಿಸಲು ಬರೆಯುವುದಿಲ್ಲ. ಆದರೆ ನಂಬದಿದ್ದರೆ ಕೈಕಟ್ಟಿ ಕೂರಬೇಕಾಗುತ್ತದೆ, ಅದು ನನ್ನಿಂದಾಗದು. ನಿನ್ನ ದನಿಯನ್ನು ಈ ಮನೆಗೆ ಮತ್ತೆ ತಂದವಳು ನಾನು, ಹಾಗಾಗಿ ಕೇಳಬೇಕಾದವಳೂ ನಾನೇ.

ಕರೆಯಬೇಡ ಎಂದು ಹೇಳುತ್ತಿಲ್ಲ. ಆ ಕೋಳಿಗೆ ನೀನು ಬೇಕು, ಅದನ್ನು ಉಪವಾಸ ಕೆಡವಿ ನೋಡಿದ್ದೇನೆ, ಇನ್ನೊಮ್ಮೆ ನೋಡಲಾರೆ. ಆದರೆ ಕರೆಯುವಾಗ ಹೆಸರು ಹಿಡಿದು ಕರೆ. ಇನ್ಸ್‌ಪೆಕ್ಟರ್, ಬಾ ಎನ್ನು. ಬರೀ ಬಾ ಎನ್ನಬೇಡ. ಅಪ್ಪ ಈಗ ನಾಲ್ಕು ವರ್ಷದವರಲ್ಲ, ಅವರಿಗೆ ನಾನೂ ಅಮ್ಮನೂ ಇದ್ದೇವೆ. ಹೊತ್ತಿಗೆ ಸರಿಯಾಗಿ ಊಟಕ್ಕೆ ನಾವು ಕರೆಯುತ್ತೇವೆ, ಬಿಸಿಯಾಗಿಯೇ ಬಡಿಸುತ್ತೇವೆ.

ನೀನಿರುವಲ್ಲಿ ನಿನ್ನ ಕಾಲಿಗೆ ಸುಖವಾಗಿರಲಿ, ಬಗ್ಗಿ ಬಗ್ಗಿ ನೊಂದ ಕತ್ತಿಗೆ ಆರಾಮವಾಗಿರಲಿ. ಹೋಗಿ ಬಾ ಎಂದು ಹೇಳಬೇಕು, ಬಾ ಎನ್ನಲು ಹೆದರಿಕೆ. ಹೋಗು ಅತ್ತೆ, ಹುಷಾರು.

ಇಂತಿ,
ನಿನ್ನ ತಮ್ಮನ ಮಗಳು