ನಾಲ್ಕನೇ ಗುಂಡಿ

ಭಾನುವಾರ, ಮಧ್ಯಾಹ್ನ

ಅಕ್ಕಾ,

ನಿನ್ನ ಬಾಲಂಗೋಚಿ ಕ್ಷೇಮ. ಅಮ್ಮನೂ ಕ್ಷೇಮ. ಮಂಡಿ ನೋವು, ಬಾಯಿ ಜೋರು, ಎರಡೂ ಎಂದಿನಂತೆ ಇವೆ.

ಇವತ್ತು ಹೊಲಿಗೆ ಅಂಗಡಿಗೆ ರಜೆ. ಬೀದಿ ಕೊನೆಯ ಸ್ಟೇಷನರಿಯಿಂದ ಒಂದು ಅಗ್ಗದ ಫೋಟೋ ಫ್ರೇಮು ತಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಲ್ಲ ಹರವಿಕೊಂಡು ಕೂತಿದ್ದೇನೆ. ಬರೀ ಮರ, ಪಾಲಿಶ್ ಕೂಡ ಇಲ್ಲ, ಒಂದು ಮೂಲೆ ಬಾಯಿ ಬಿಟ್ಟಿದೆ. ಕೆಲಸವಿಲ್ಲದ ಬಡಗಿಯ ಗಾದೆಯನ್ನು ನೀನು ಅಲ್ಲಿಂದಲೇ ಹೇಳುತ್ತೀಯ, ಗೊತ್ತು. ಹೇಳಿಕೋ. ನಾವಿಬ್ಬರೂ ಸೇರಿ ಮಾಡಿದ್ದ ಆ ಹಳೇ ಫ್ರೇಮು ಗೋಡೆಗೆ ಬಣ್ಣ ಬಳಿಯುವಾಗ ಬಿದ್ದು ಒಡೆದುಹೋಯಿತು. ಕೊರಳಲ್ಲಿ ಟೇಪು ಹಾಕಿಕೊಂಡ ಅಮ್ಮ, ಪಕ್ಕದಲ್ಲಿ ನೀನು, ನಿನ್ನ ತೋಳಿಗೆ ಜೋತುಬಿದ್ದ ನಾನು. ಆ ಫೋಟೋ ಈಗ ಬೆತ್ತಲೆ ನಿಂತಿದೆ, ಪಾಪ.

ಮರವನ್ನು ಉಜ್ಜಿ ನುಣುಪು ಮಾಡಿ, ಬಿಳಿ ಬಣ್ಣ ಹಚ್ಚಿ, ಅಮ್ಮನ ಬಿಸ್ಕತ್ತಿನ ಡಬ್ಬದಿಂದ ಅಂಗಿ ಗುಂಡಿಗಳನ್ನು ಆರಿಸಿ ಸುತ್ತಲೂ ಅಂಟಿಸಿದೆ. ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಏಳು ವರ್ಷದವಳಾಗಿಬಿಟ್ಟೆ. ಆಗ ನಿನಗೆ ಹನ್ನೊಂದು. ನೀನು ಗೀಟು ಎಳೆಯದೆ ನೆಟ್ಟಗೆ ಹೊಲಿಯುತ್ತಿದ್ದೆ. ಅಮ್ಮನ ಹೊಲಿಗೆ ಮಿಷನ್ ಪಕ್ಕದ, ಕೆಲಸ ಕಲಿಯುವ ಸ್ಟೂಲು ನಿನ್ನದೇ.

ಆ ಹಳೇ ಫ್ರೇಮಿಗೆ ಹೂ ಬಿಡಿಸುವುದು ನಿನ್ನ ಪಾಲು, ಗುಂಡಿ ಅಂಟಿಸುವುದು ನನ್ನ ಪಾಲು. ನಾಲ್ಕು ಮೂಲೆಗೆ ದೊಡ್ಡ ಗುಂಡಿ ಬೇಕೆಂದು ನಾನು ಹಟ ಹಿಡಿದೆ. ಡಬ್ಬದಲ್ಲಿ ಇರಲಿಲ್ಲ. ಅಂಚು ಬಿಚ್ಚಿ ಹೊಲಿಯಲು ಬಂದಿದ್ದ ಹಲ್ಲು ಡಾಕ್ಟರಮ್ಮನ ಕೋಟಿನಲ್ಲಿ ಇದ್ದವು, ನೀಲಿ ಬಣ್ಣದವು, ಸರಿಯಾಗಿ ನಾಲ್ಕು. ಊರಿನವರ ಹಲ್ಲು ಕೀಳುವವಳ ಗುಂಡಿಗಳನ್ನೇ ನಾನು ಕಿತ್ತು ಫ್ರೇಮಿಗೆ ಅಂಟಿಸಿದೆ. ಆಕೆ ಬಂದು ಕೋಟು ಬಿಡಿಸಿ ನೋಡಿ ಕೂಗಾಡಿದಳು. ಅಮ್ಮ ಚಾಕುವಿನಿಂದ ಮೀಟಿದಾಗ ಮೂರು ಸರಿಯಾಗಿ ಬಂದವು, ನಾಲ್ಕನೆಯದು ಎರಡು ಹೋಳಾಯಿತು. ಯಾರು ಮಾಡಿದ್ದೆಂದು ಅಮ್ಮ ಕೇಳಿದಳು. ನಾನು ನೆಲ ನೋಡುತ್ತಾ ನಿಂತೆ. ನೀನು "ನಾನೇ ಅಮ್ಮ" ಅಂದೆ.

ಇನ್ನು ಮೇಲೆ ಮಿಷನ್ ಮುಟ್ಟಿದರೆ ನೋಡು ಅಂತ ಅಮ್ಮ ಎಲ್ಲರ ಎದುರಿಗೇ ನಿನಗೆ ಹೇಳಿದಳು. ಸಿಟ್ಟಿನ ಮಾತು. ಆದರೆ ನಮ್ಮ ಮನೆಯಲ್ಲಿ ಆಡಿದ ಮಾತನ್ನು ಯಾರು ವಾಪಸು ತೆಗೆದುಕೊಂಡಿದ್ದಾರೆ? ನೀನು ಮತ್ತೆ ಮುಟ್ಟಲಿಲ್ಲ. ನಿನ್ನ ಸ್ಟೂಲು ನನಗೆ ಬಂತು. ಕಸುಬು, ಅಂಗಡಿ, ನಾನು ಉಣ್ಣುವ ತುತ್ತು, ಎಲ್ಲ ಆ ಸ್ಟೂಲಿನಿಂದಲೇ ಬಂದದ್ದು. ನೀನು ಬೇಕರಿಯಲ್ಲಿ ಇಪ್ಪತ್ತು ವರ್ಷ ಬ್ರೆಡ್ಡು ಪ್ಯಾಕು ಮಾಡಿದೆ.

ಹೋದ ವಾರ ನೀನು ಬೇಕರಿ ಮುಚ್ಚಿತು ಅಂತ ಎರಡೇ ಸಾಲು ಬರೆದೆ. ಅದರ ಕೆಳಗೇ, "ಅಮ್ಮ ತನ್ನ ಮಿಷನನ್ನು ನಿನಗೇ ಕೊಡುತ್ತಿರುವುದು ಒಳ್ಳೆಯದಾಯಿತು, ಅದು ನಿನ್ನ ಕೈಗೇ ಒಪ್ಪುತ್ತದೆ" ಅಂತ ಬರೆದೆ. ಅದನ್ನು ಓದಿ ನನಗೆ ಊಟ ಸೇರಲಿಲ್ಲ ಕಣೇ.

ಬುಧವಾರ ಅಮ್ಮನ ಹತ್ತಿರ, ಆ ಗುಂಡಿ ಕಿತ್ತವಳು ನಾನು ಅಂತ ಹೇಳಿಬಿಟ್ಟೆ. ಅವಳು ಹಲ್ಲಲ್ಲಿ ದಾರ ಕಡಿದು, "ಗೊತ್ತಿತ್ತು ಕಣೇ. ಅಂಟು ಇದ್ದದ್ದು ನಿನ್ನ ಕೈಯಲ್ಲಿ" ಅಂದಳು. ಮತ್ತೆ ಅಕ್ಕನಿಗೇಕೆ ಶಿಕ್ಷೆ ಅಂದರೆ, ದೊಡ್ಡವಳು ತಡಕೋತಾಳೆ ಅಂದುಕೊಂಡಳಂತೆ. ವಾರ ಬಿಟ್ಟು ಕರೆಯೋಣ ಅಂತಿದ್ದಳಂತೆ. ತಾನಾಗೇ ಬರಲಿ ಅಂತ ಅಮ್ಮ, ಅವಳೇ ಕರೆಯಲಿ ಅಂತ ನೀನು, ಹಾಗೇ ವರ್ಷಗಳು ಹೋದವು. ಇಷ್ಟು ಹೇಳಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಳು.

ಅಕ್ಕಾ, ನನ್ನ ಪಾಲಿನ ಬೈಗುಳವನ್ನು ನೀನು ತಿಂದೆ, ನಿನ್ನ ಪಾಲಿನ ವಿದ್ಯೆಯನ್ನು ನಾನು ಉಂಡೆ. ಒಂದು ದಿನವೂ ಎತ್ತಿ ಆಡಲಿಲ್ಲ ನೀನು. ನಿನ್ನಿಂದ ನಾನು ಮನುಷ್ಯಳಾದೆ. ನಮ್ಮಿಬ್ಬರ ನಡುವೆ ಇಂಥ ಮಾತಿನ ರೂಢಿ ಇಲ್ಲ, ಆದರೂ ಇವತ್ತು ಹೇಳುತ್ತೇನೆ. ಮಿಷನಿಗೆ ಎಣ್ಣೆ ಬಿಟ್ಟು ಕಿಟಕಿ ಪಕ್ಕ ಇಟ್ಟಿದ್ದೇನೆ. ಅದು ನಿನ್ನದು. ಅಂಗಡಿಯಲ್ಲಿ ಅರ್ಧವೂ ನಿನ್ನದು. ಕೈ ಮರೆತಿದೆ ಅನ್ನಬೇಡ, ನೆಟ್ಟಗೆ ಹೊಲಿಯುವ ಕೈ ಮರೆಯುವುದಿಲ್ಲ. ಕರೆಯಲಿ ಅಂತ ಕಾದಿದ್ದೆಯಲ್ಲ, ಅಮ್ಮ ಕರೆಯುತ್ತಿದ್ದಾಳೆ. ಬಾ.

ನಿನ್ನ,
ಬಾಲಂಗೋಚಿ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನೆಲ ನೋಡುತ್ತಾ ನಿಂತೆ ಅಂತ ಮೇಲೆ ಬರೆದೆನಲ್ಲ, ಸುಳ್ಳು. ಅಮ್ಮ ಕೇಳಿದ ತಕ್ಷಣ ನಾನು ನಿನ್ನ ಕಡೆ ಬೆರಳು ತೋರಿಸಿದೆ. ಆಮೇಲೆ ನೀನು "ನಾನೇ" ಅಂದೆ. ಎದುರಿಗೇ ನಿಂತು ಕಂಡ ನಿನಗೇ ತಿದ್ದಿ ಬರೆದೆನಲ್ಲ, ನನ್ನ ಧೈರ್ಯ ನೋಡು. ಆ ಬೆರಳು ಸುಳ್ಳು ಅಂತ ಈಗಷ್ಟೇ ಅಮ್ಮನ ಎದುರಿಗೂ ಒಪ್ಪಿಕೊಂಡೆ. ಅವಳು ಸೂಜಿ ಡಬ್ಬಿಯಿಂದ ಆ ಒಡೆದ ನೀಲಿ ಗುಂಡಿಯ ಎರಡು ಹೋಳು ತೆಗೆದು ಮೇಜಿನ ಮೇಲೆ ಇಟ್ಟಳು, ಇಷ್ಟು ವರ್ಷ ಇಟ್ಟುಕೊಂಡಿದ್ದಾಳೆ. ಮೂರು ಮೂಲೆಗೆ ಬೇರೆ ಗುಂಡಿ ಹಚ್ಚಿ, ನಾಲ್ಕನೆಯದನ್ನು ಖಾಲಿ ಬಿಟ್ಟಿದ್ದೇನೆ. ಈ ಹೋಳುಗಳನ್ನು ನೀನೇ ಬಂದು ಕೂಡಿಸಿ ಅಂಟಿಸು. ನನ್ನ ಬೆರಳನ್ನು ನಂಬುವ ಹಾಗಿಲ್ಲ.