ಬೆಟ್ಟಮೆಣಸಿನ ಗೇಟು

ಅಮ್ಮಾ,

ಜಿನ್ ಮದ್ಯದ ಭಟ್ಟಿಯ ಕಂಪನಿಯವರು ನಿನಗೆ ಕೊಟ್ಟ ಮಾತು ಇಷ್ಟು: ಬೆಟ್ಟದ ಗೇಟು ನಮ್ಮ ಜನಕ್ಕೆ ಸದಾ ತೆರೆದಿರುತ್ತದೆ, ಜಿನ್‌ಗೆ ಘಮ ಕೊಡುವ ಬೆಟ್ಟಮೆಣಸಿನ ಹಣ್ಣು ಬಿಡಿಸುವವರು ನಾವೇ. ಹಾಕಿದ್ದು ಬೀಗ; ಸುಗ್ಗಿಯ ಕೂಲಿಗಷ್ಟೇ ನಮ್ಮನ್ನು ಒಳಗೆ ಬಿಟ್ಟರು. ಸೀಸೆಯ ಮೇಲೆ ಮಾತ್ರ 'ಟಾಸ್ಮೇನಿಯಾದ ಮೂಲನಿವಾಸಿಗಳ ಬೆಟ್ಟದ ಜಿನ್' ಎಂದು ಮೆರೆದರು.

ಈ ಸುಗ್ಗಿಯಲ್ಲಿ ನಾವ್ಯಾರೂ ಹಣ್ಣು ಮುಟ್ಟದೆ ಗೇಟಿನ ಮುಂದೆ ಕೂತೆವು, ವಾರದ ಸಭೆಯನ್ನೂ ಅಲ್ಲೇ ನಡೆಸಿದೆವು. ಹಣ್ಣಿಲ್ಲದೆ ಭಟ್ಟಿ ತಣ್ಣಗಾಯಿತು. ಇವತ್ತು ಮ್ಯಾನೇಜರ್ ಗ್ರಾಂಟ್ ತಾನೇ ಬೀಗದಕೈ ಹಿಡಿದು ಬಂದ.

"ತೆಗೆದೆ ನೋಡಿ ಆಂಟಿ, ಇನ್ನಾದ್ರೂ ಕೆಲಸಕ್ಕೆ ಬನ್ನಿ."

"ತೆಗೆದ್ರೆ ಸಾಲ್ದಪ್ಪ, ಬೀಗಾನೂ ಇತ್ತ ಕೊಡು. ನಿನ್ ಕೈಗೆ ಅದನ್ನ ಹಾಕೋ ಚಟ," ಎಂದು ಡೋರೀನ್ ಚಿಕ್ಕಮ್ಮ ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡಳು. ಎಲ್ಲರೂ ಗೊಳ್ಳೆಂದರು. ನನ್ನ ಎದೆ ಹಗುರಾಯಿತು.

ಕಣ್ಣು ಮುಚ್ಚುವ ಮುನ್ನ ನೀನು ಕೇಳಿದ್ದು ಆ ಬೆಟ್ಟದ ಒಂದೇ ಒಂದು ಹಣ್ಣು. ಇವತ್ತು ಕಿತ್ತೆ. ಖಾರ ಹಾಗೇ ಇದೆ.

ಮುಂದಿನ ಸಭೆ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಗೇಟಿನ ಒಳಗೆ.